ಹಲ್ಲು ಹಚ್ಚುವ ಮೊದಲೇ ಗಬ್ಬವಾದ ಮಣಕಗಳು: ಅಥಣಿ ತಾಲೂಕಿನ ಒಂದು ಪ್ರಕರಣ ಅಧ್ಯಯನ

ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಗೆ ಹತ್ತಿರವಿರುವ ಊರೊಂದರ ರೈತ ಕುಟುಂಬದಲ್ಲಿದ್ದ ನಾಲ್ಕು ಮಿಶ್ರತಳಿ ಮಣಕಗಳ (ಇನ್ನೂ ಕರು ಹಾಕದ ಎಳೆಯ ಆಕಳುಗಳ) ಪೈಕಿ ಮೂರು, ಯಾರಿಗೂ ತಿಳಿಯದಂತೆ ಗಬ್ಬವಾಗಿದ್ದವು. ಮೂರರ ವಯಸ್ಸೂ ಬೇರೆ, ತೂಕವೂ ಬೇರೆ, ಗಬ್ಬದ ತಿಂಗಳೂ ಬೇರೆಯಾಗಿದ್ದುದರಿಂದ ಒಂದೇ ಕೊಟ್ಟಿಗೆಯಲ್ಲಿ ಮೂರು ಬೇರೆ ಬೇರೆ ನಿರ್ಧಾರಗಳನ್ನು ತೆಗೆದುಕೊಳ್ಳಬೇಕಾಯಿತು. ಎಳೆಯ ಮಣಕ ಗಬ್ಬವಾದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎಷ್ಟನೆಯ ತಿಂಗಳಲ್ಲಿ ಅದು ಗೊತ್ತಾಯಿತು ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಈ ಪ್ರಕರಣವನ್ನು ವಿವರವಾಗಿ ಬರೆದಿಡಲು ಅದೇ ಕಾರಣ. ಮನೆಯವರ ಹೆಸರನ್ನೂ ಊರಿನ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ.

ವಿಷಯವನ್ನು ಮೊದಲು ಗುರುತಿಸಿದವರು ಮನೆಯ ಸೊಸೆ. ದೀಪಾವಳಿ ಕಳೆದ ವಾರ ಬೆಳಿಗ್ಗೆ ಸಗಣಿ ಬಾಚುತ್ತಿದ್ದಾಗ, ಹದಿನಾಲ್ಕು ತಿಂಗಳ ಕಪ್ಪು ಬಿಳುಪು ಮಣಕದ ಕೆಚ್ಚಲು ಉಳಿದವುಗಳಿಗಿಂತ ತುಂಬಿಕೊಂಡಂತೆ ಅವರಿಗೆ ಕಂಡಿತು. ಮೊಲೆತೊಟ್ಟನ್ನು ಮೆಲ್ಲಗೆ ಹಿಂಡಿ ನೋಡಿದರೆ ಜೇನಿನ ಬಣ್ಣದ, ಬೆರಳಿಗೆ ಅಂಟುವ ದ್ರವ ಬಂತು. ಗಬ್ಬವಿಲ್ಲದ ಮಣಕದ ಕೆಚ್ಚಲಿನಲ್ಲಿ ಅಂಥ ದ್ರವ ಇರುವುದಿಲ್ಲ; ಗಬ್ಬದ ನಡುವಿನ ತಿಂಗಳುಗಳಲ್ಲಿ, ಅದರಲ್ಲೂ ಚೊಚ್ಚಲಿನಲ್ಲಿ, ಅದು ನಂಬತಕ್ಕ ಗುರುತು. ಮನೆಯ ಹಿರಿಯಜ್ಜ ಮಾತ್ರ ಒಪ್ಪಲಿಲ್ಲ. ಪಶುವೈದ್ಯನಾದ ನಾನು ಪರೀಕ್ಷೆಗೆ ಹೋದಾಗ ಅವರು ಮಣಕದ ತುಟಿ ಎತ್ತಿ ಹಾಲುಹಲ್ಲುಗಳನ್ನು ತೋರಿಸಿ, ‘ಇದಕ ಇನ್ನಾ ಹಲ್ಲ ಬಿದ್ದಿಲ್ರೀ ಸಾಹೇಬ್ರ, ಇದು ಗಬ್ಬ ಹೆಂಗ ಆಗತೈತ್ರೀ?’ ಎಂದು ಕೇಳಿದರು.

ಅವರ ಪ್ರಶ್ನೆ ಅನುಭವದಿಂದಲೇ ಬಂದದ್ದು. ಅಥಣಿ, ವಿಜಯಪುರ, ಜಮಖಂಡಿಯ ಕಡೆ ತಲೆಮಾರುಗಳಿಂದ ಸಾಕಿಕೊಂಡು ಬಂದದ್ದು ಕಿಲಾರಿ ದನ. ಕಿಲಾರಿ ಮಣಕ ಬೆದೆಗೆ ಬರುವುದು ತಡ. ಮೊದಲ ಕರು ಹಾಕುವ ಹೊತ್ತಿಗೆ ಅದಕ್ಕೆ ನಾಲ್ಕು ವರ್ಷದ ಆಸುಪಾಸು ಆಗಿರುತ್ತದೆ. ಆ ಲೆಕ್ಕದಲ್ಲಿ ಎರಡು ಹಲ್ಲು ಹಚ್ಚುವವರೆಗೆ, ಅಂದರೆ ಹಾಲುಹಲ್ಲು ಬಿದ್ದು ಮೊದಲ ಎರಡು ಶಾಶ್ವತ ಹಲ್ಲು ಬರುವವರೆಗೆ, ಮಣಕದ ಚಿಂತೆ ಮಾಡಬೇಕಾದ ಕೆಲಸವೇ ಇರಲಿಲ್ಲ. ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿಯ ದೇಹಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಅದು ಬೆದೆಗೆ ಬರುವುದನ್ನು ನಿರ್ಧರಿಸುವುದು ವಯಸ್ಸಿಗಿಂತ ಹೆಚ್ಚಾಗಿ ತೂಕ. ಪೂರ್ಣ ಬೆಳೆದ ಆಕಳ ತೂಕದ 40ರಿಂದ 50 ಪ್ರತಿಶತದಷ್ಟು ತೂಕ ಬಂದೊಡನೆ ಅಂಡಾಶಯ ಕೆಲಸ ಆರಂಭಿಸುತ್ತದೆ. ಚೆನ್ನಾಗಿ ಹಾಲು ಕುಡಿದು ಹಿಂಡಿ ತಿಂದ ಕರು ಎಂಟರಿಂದ ಹತ್ತು ತಿಂಗಳಿಗೇ ಆ ತೂಕ ಮುಟ್ಟಬಹುದು. ಹಲ್ಲು ಬೀಳಲು ಆಗ ಇನ್ನೂ ಒಂದು ವರ್ಷದಷ್ಟು ಸಮಯ ಇರುತ್ತದೆ.

ಕೊಟ್ಟಿಗೆಯ ವ್ಯವಸ್ಥೆ

ಈ ಕುಟುಂಬ ಎರಡು ವರ್ಷಗಳ ಹಿಂದೆ ದನಗಳನ್ನು ಗೂಟಕ್ಕೆ ಕಟ್ಟುವುದನ್ನು ಬಿಟ್ಟು, ಗಡಿಯಾಚೆಯ ಸಾಂಗ್ಲಿ, ಕೊಲ್ಹಾಪುರದ ಕಡೆ ಹೆಚ್ಚು ಬಳಕೆಗೆ ಬಂದಿರುವ ಮುಕ್ತ ಗೋಠಾ ಪದ್ಧತಿಯನ್ನು ಅನುಸರಿಸಿತ್ತು. ಸುತ್ತ ಪೈಪಿನ ಬೇಲಿ, ನಡುವೆ ನೆರಳು, ಒಂದು ಬದಿಗೆ ಉದ್ದನೆಯ ಗೋದಲಿ. ಹಾಲಿನ ಆಕಳುಗಳಿಗೆ ಒಂದು ಆವರಣ, ಕರುಗಳಿಗೂ ಮಣಕಗಳಿಗೂ ಸೇರಿ ಇನ್ನೊಂದು. ಪದ್ಧತಿಯಲ್ಲಿ ಕೊರತೆಯಿಲ್ಲ, ದನಗಳ ಕಾಲು, ಗೊರಸು, ಮೈ ಎಲ್ಲವೂ ಕಟ್ಟಿಹಾಕಿದ ದನಗಳಿಗಿಂತ ಚೆನ್ನಾಗಿದ್ದವು. ಆದರೆ ಕಟ್ಟಿಹಾಕುವ ಪದ್ಧತಿಯಲ್ಲಿ ಹಗ್ಗವೇ ಮಾಡುತ್ತಿದ್ದ ಒಂದು ಕೆಲಸವನ್ನು ಮುಕ್ತ ಆವರಣದಲ್ಲಿ ಮನುಷ್ಯರೇ ನೆನಪಿಟ್ಟು ಮಾಡಬೇಕಾಗುತ್ತದೆ, ಅದೇನೆಂದರೆ ಹೋರಿಕರುವನ್ನು ಬೇರೆ ಮಾಡುವುದು.

ಸಾಮಾನ್ಯವಾಗಿ ಹೋರಿಕರು ಹುಟ್ಟಿದರೆ ಕೆಲವು ತಿಂಗಳಲ್ಲೇ ಮನೆ ಬಿಡುತ್ತದೆ. ಇಲ್ಲಿ ಒಂದು ಉಳಿದಿತ್ತು. ಮನೆಯಲ್ಲಿ ಅತಿ ಹೆಚ್ಚು ಹಾಲು ಕೊಡುವ ಆಕಳ ಕರು ಅದಾದ್ದರಿಂದ, ಕೃತಕ ಗರ್ಭಧಾರಣೆಯಲ್ಲಿ ಗಬ್ಬ ನಿಲ್ಲದ ಆಕಳುಗಳಿಗೆ ಮುಂದೆ ಬಿಡಲು ಬರುತ್ತದೆ ಎಂದು ಸಾಕಿಕೊಂಡಿದ್ದರು. ಪರೀಕ್ಷೆಯ ದಿನ ಅದಕ್ಕೆ ಹದಿನಾರು ತಿಂಗಳಾಗಿತ್ತು ಮತ್ತು ಅದು ಮೊದಲಿನಿಂದಲೂ ಮಣಕಗಳ ಜೊತೆಗೇ ಇತ್ತು. ಮಿಶ್ರತಳಿಯ ಹೋರಿಕರು ಆರು ತಿಂಗಳಿಗೇ ಏರಲು ತೊಡಗುತ್ತದೆ. ಎಂಟು ಹತ್ತು ತಿಂಗಳಿಗೆ ಅದರ ವೀರ್ಯದಿಂದ ಗಬ್ಬ ನಿಲ್ಲುವ ಸಾಧ್ಯತೆ ಪೂರ್ಣವಾಗಿರುತ್ತದೆ. ಏರುವುದನ್ನು ಮನೆಯವರು ಕಂಡಿದ್ದರು, ಆದರೆ ಕರುಗಳ ಆಟವೆಂದು ಬಿಟ್ಟಿದ್ದರು. ಈ ಮಾತನ್ನು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಆಟವೋ ಅಲ್ಲವೋ ಎಂದು ಹೊರಗಿನಿಂದ ನೋಡಿ ಹೇಳುವ ದಾರಿ ಯಾರಿಗೂ ಇಲ್ಲ, ಆದ್ದರಿಂದ ಐದು ತಿಂಗಳು ತುಂಬಿದ ಹೋರಿಕರು ಹೆಣ್ಣುಗರುಗಳ ಆವರಣದಲ್ಲಿ ಇರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಅಂಶವೂ ಇಲ್ಲಿ ಮುಖ್ಯ. ಕರುಗಳಿಗೆ ಮೊದಲ ಆರೇಳು ತಿಂಗಳು ಹಾಲು, ಹಿಂಡಿ, ಹಸಿಮೇವು ಎಲ್ಲವನ್ನೂ ಕೈಬಿಚ್ಚಿ ಕೊಟ್ಟಿದ್ದರು. ಅದಾದ ಮೇಲೆ, ಹಾಲು ಕೊಡದ ದನಕ್ಕೆ ಹಿಂಡಿ ಏಕೆಂದು ನಿಲ್ಲಿಸಿ ಜೋಳದ ಕಣಕಿ (ಒಣ ದಂಟು) ಮತ್ತು ಸಿಕ್ಕ ಕಾಲಕ್ಕೆ ಕಬ್ಬಿನ ಸೋಗೆಗೆ (ತುದಿಯ ಹಸಿ ಎಲೆ) ಇಳಿಸಿದ್ದರು. ಹೀಗಾಗಿ ಮಣಕಗಳು ಬೇಗನೆ ಬೆದೆಯ ತೂಕ ಮುಟ್ಟಿದವು, ಗಬ್ಬವಾದವು, ಹೊಟ್ಟೆಯಲ್ಲಿ ಕರು ಬೆಳೆಯಬೇಕಾದ ಹೊತ್ತಿಗೆ ಅವುಗಳ ಸ್ವಂತ ಬೆಳವಣಿಗೆ ಕುಂಠಿತವಾಯಿತು. ಎರಡು ಕಾರಣಗಳು ಒಂದರ ಮೇಲೊಂದು ಬಿದ್ದಿದ್ದವು.

ಪರೀಕ್ಷೆಯಲ್ಲಿ ಕಂಡದ್ದು

ಒಂದರಲ್ಲಿ ಗುರುತು ಕಂಡಿತೆಂದು ಅದೊಂದನ್ನೇ ಪರೀಕ್ಷಿಸಿದರೆ ಸಾಲದು. ಹೋರಿಯ ಜೊತೆಗಿದ್ದ ಪ್ರತಿಯೊಂದು ಮಣಕವನ್ನೂ ಅದೇ ದಿನ ನೋಡಬೇಕು. ತೂಕದ ಯಂತ್ರ ಇರಲಿಲ್ಲವಾದ್ದರಿಂದ ಟೇಪಿನಿಂದ ಎದೆಯ ಸುತ್ತಳತೆ ಮತ್ತು ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನು ಇಂಚಿನಲ್ಲಿ ಅಳೆದು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಲಾಯಿತು. ಈ ಲೆಕ್ಕದಿಂದ ತೂಕದ ಅಂದಾಜು ಕಿಲೋದಲ್ಲಿ ಸಿಗುತ್ತದೆ. ಯಾವ ರೈತನೂ ಮನೆಯಲ್ಲೇ ಇದನ್ನು ಮಾಡಬಹುದು.

ಹಿರಿಯ ಮಣಕಕ್ಕೆ ಹದಿನೇಳು ತಿಂಗಳು. ಸುತ್ತಳತೆ 57 ಇಂಚು, ಉದ್ದ 50 ಇಂಚು, ತೂಕ ಸುಮಾರು 246 ಕಿಲೋ. ಗಬ್ಬ ಸುಮಾರು ಮೂರು ತಿಂಗಳು. ಎರಡನೆಯದು ಸೊಸೆ ಗುರುತಿಸಿದ ಹದಿನಾಲ್ಕು ತಿಂಗಳ ಮಣಕ. ಸುತ್ತಳತೆ 54, ಉದ್ದ 47, ತೂಕ ಸುಮಾರು 208 ಕಿಲೋ. ಗುದದ್ವಾರದ ಮೂಲಕ ಕೈಯಿಟ್ಟು ನೋಡಿದಾಗ ಗರ್ಭಕೋಶ ಹೊಟ್ಟೆಯೊಳಕ್ಕೆ ಜಾರಿತ್ತು, ಮಾಸಿನ ಗುಂಡಿಗಳು (ಮಾಸು ಗರ್ಭಕೋಶಕ್ಕೆ ಅಂಟಿಕೊಳ್ಳುವ ಗಂಟುಗಳು) ಬೆರಳಿಗೆ ಸ್ಪಷ್ಟವಾಗಿ ಸಿಗುತ್ತಿದ್ದವು, ಗರ್ಭಕೋಶದ ರಕ್ತನಾಳ ಬೆರಳಡಿಯಲ್ಲಿ ಝುಮ್ಮೆಂದು ಹರಿಯುತ್ತಿತ್ತು. ಈ ಎಲ್ಲ ಗುರುತುಗಳನ್ನು ಕೆಚ್ಚಲಿನ ಸ್ಥಿತಿಯೊಂದಿಗೆ ಕೂಡಿಸಿ ನೋಡಿದರೆ ಗಬ್ಬ ಆರು ತಿಂಗಳಿನದು, ಎರಡು ಮೂರು ವಾರ ಆಚೆ ಈಚೆ. ಅಂದರೆ ಅದು ಗಬ್ಬ ಕಟ್ಟಿದ್ದು ಎಂಟು ತಿಂಗಳ ವಯಸ್ಸಿನಲ್ಲಿ. ಮೂರನೆಯದಕ್ಕೆ ಹನ್ನೆರಡು ತಿಂಗಳು. ಸುತ್ತಳತೆ 51, ಉದ್ದ 45, ತೂಕ ಸುಮಾರು 177 ಕಿಲೋ. ಇಷ್ಟು ಚಿಕ್ಕದರಲ್ಲಿ ಕೈಯಿಡುವುದು ಕಷ್ಟ, ಒತ್ತಾಯಿಸಿದರೆ ಗುದನಾಳ ಹರಿಯುವ ಅಪಾಯವೂ ಇದೆ. ಆದ್ದರಿಂದ ಮರುದಿನ ಸ್ಕ್ಯಾನಿಂಗ್ ಯಂತ್ರ ತಂದು ನೋಡಲಾಯಿತು. ಸುಮಾರು 70 ದಿನಗಳ ಭ್ರೂಣ, ಹೃದಯ ಬಡಿಯುತ್ತಿತ್ತು. ನಾಲ್ಕನೆಯದು ಏಳು ತಿಂಗಳ, 109 ಕಿಲೋ ತೂಕದ ಕರು. ಅದರಲ್ಲಿ ಏನೂ ಕಾಣಲಿಲ್ಲ, ಆದರೆ ಹಿಂದಿನ ದಿನದವರೆಗೂ ಹೋರಿಯ ಜೊತೆಗೇ ಇದ್ದುದರಿಂದ ನಲವತ್ತು ದಿನ ಬಿಟ್ಟು ಮತ್ತೊಮ್ಮೆ ನೋಡಬೇಕೆಂದು ನಿರ್ಧರಿಸಲಾಯಿತು.

ಎರಡನೆಯ ಮಣಕದ 208 ಕಿಲೋ ತೂಕವನ್ನು ಓದುವಾಗ ಎಚ್ಚರ ಬೇಕು. ಆರು ತಿಂಗಳ ಭ್ರೂಣ, ಅದರ ಸುತ್ತಲಿನ ನೀರು, ಮಾಸು, ಹಿಗ್ಗಿದ ಗರ್ಭಕೋಶ ಎಲ್ಲವೂ ಆ ತೂಕದಲ್ಲಿ ಸೇರಿವೆ. ಅವನ್ನು ಕಳೆದರೆ ಮಣಕದ ಸ್ವಂತ ಮೈ 190 ಕಿಲೋ ಆಗುವುದೂ ಅನುಮಾನ. ಆ ಮನೆಯ ಬೆಳೆದ ಆಕಳುಗಳ ತೂಕ 420 ಕಿಲೋ ಆಸುಪಾಸು. ಮೊದಲ ಸಲ ಗಬ್ಬ ಕಟ್ಟಿಸಲು ಬೇಕಾದದ್ದು ಬೆಳೆದ ಆಕಳ ತೂಕದ 60ರಿಂದ 65 ಪ್ರತಿಶತ, ಅಂದರೆ ಇಲ್ಲಿ 250ರಿಂದ 275 ಕಿಲೋ. ಈಯುವ ಹೊತ್ತಿಗೆ ಇರಬೇಕಾದದ್ದು 85 ಪ್ರತಿಶತದ ಹತ್ತಿರ.

ಗಬ್ಬ ತೆಗೆಯುವ ಪ್ರಶ್ನೆ

ಮಾಂಸಕ್ಕಾಗಿ ದನ ಸಾಕುವ ದೇಶಗಳಲ್ಲಿ ಈ ಸಮಸ್ಯೆ ಹಿಂಡಿನ ಮಟ್ಟದ್ದು. ತಾಯಿಯ ಜೊತೆ ಹುಲ್ಲುಗಾವಲಿನಲ್ಲಿರುವ ಹೆಣ್ಣುಗರುಗಳು ತಾಯಿಯ ಹಾಲು ಕುಡಿಯುವುದನ್ನು ಬಿಡುವ ಮೊದಲೇ ಹೋರಿಯಿಂದ ಗಬ್ಬವಾಗುತ್ತವೆ. ಅಲ್ಲಿ ಇಡೀ ಗುಂಪಿಗೆ ಒಟ್ಟಿಗೆ ಚುಚ್ಚುಮದ್ದು ಕೊಟ್ಟು ಗಬ್ಬ ತೆಗೆದು, ತಳಿಗೆ ಬೇಡವಾದವನ್ನು ಕೊಬ್ಬಿಸಿ ಮಾರುತ್ತಾರೆ. ನಮ್ಮಲ್ಲಿ ಆ ಕೊನೆಯ ದಾರಿ ಇಲ್ಲ, ನಾಲ್ಕೇ ಮಣಕ ಇರುವ ಮನೆಗೆ ಪ್ರತಿಯೊಂದೂ ಮುಂದಿನ ಹಾಲಿನ ಆಕಳು. ಹಾಗಾಗಿ ಪ್ರತಿಯೊಂದರ ಬಗ್ಗೆ ಬೇರೆಯಾಗಿಯೇ ಯೋಚಿಸಬೇಕು.

ಬೆದೆ ಮುಗಿದ ಮೇಲೆ ಅಂಡಾಶಯದಲ್ಲಿ ಮೂಡುವ ಹಳದಿ ಗ್ರಂಥಿಯು ಪ್ರೊಜೆಸ್ಟರಾನ್ ಹಾರ್ಮೋನು ಸುರಿಸಿ ಗಬ್ಬವನ್ನು ಹಿಡಿದಿಡುತ್ತದೆ. ಪ್ರೋಸ್ಟಾಗ್ಲಾಂಡಿನ್ ಚುಚ್ಚುಮದ್ದು ಈ ಗ್ರಂಥಿಯನ್ನು ಕರಗಿಸುತ್ತದೆ. ಹೋರಿ ಏರಿದ ಮೊದಲ ಐದು ದಿನ ಗ್ರಂಥಿ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಆಗ ಮದ್ದು ಕೆಲಸ ಮಾಡುವುದಿಲ್ಲ. ಏರಿದ್ದನ್ನು ಕಣ್ಣಾರೆ ಕಂಡವರು ಹತ್ತು ಹನ್ನೆರಡು ದಿನ ಬಿಟ್ಟು ಒಂದು ಚುಚ್ಚುಮದ್ದು ಹಾಕಿಸಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಇದಕ್ಕಿಂತ ಸುಲಭದ ಹಂತ ಮತ್ತೆ ಸಿಗುವುದಿಲ್ಲ. ಅಲ್ಲಿಂದ ಮೂರೂವರೆ ತಿಂಗಳವರೆಗೂ ಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ, ತೊಡಕು ಕಡಿಮೆ. ನಾಲ್ಕು ತಿಂಗಳು ದಾಟಿದಂತೆ ಮಾಸು ಬೀಳದೆ ಉಳಿಯುವುದು, ಗರ್ಭಕೋಶ ಕೀವಾಗುವುದು ಹೆಚ್ಚುತ್ತದೆ. ಐದು ತಿಂಗಳ ನಂತರ ಮಾಸು ತಾನೇ ಪ್ರೊಜೆಸ್ಟರಾನ್ ತಯಾರಿಸತೊಡಗುವುದರಿಂದ ಈ ಚುಚ್ಚುಮದ್ದೊಂದನ್ನೇ ನಂಬುವಂತಿಲ್ಲ. ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮದ್ದು ಕೊಡಬೇಕಾಗುತ್ತದೆ, ಹೊರಬರುವ ಭ್ರೂಣವೂ ದೊಡ್ಡದಾಗಿರುತ್ತದೆ. ಪ್ರತಿ ತಿಂಗಳು ಕಳೆದಂತೆ ಒಂದೊಂದು ಬಾಗಿಲು ಮುಚ್ಚುತ್ತಾ ಹೋಗುತ್ತದೆ.

ಹನ್ನೆರಡು ತಿಂಗಳ ಮಣಕದ ವಿಷಯದಲ್ಲಿ ನಿರ್ಧಾರ ಸುಲಭವಾಗಿತ್ತು. 177 ಕಿಲೋ ತೂಕ, 70 ದಿನದ ಗಬ್ಬ. ಬಿಟ್ಟರೆ ಹತ್ತೊಂಬತ್ತು ತಿಂಗಳಿಗೆ ಈಯಬೇಕು. ಅಷ್ಟರಲ್ಲಿ ಸೊಂಟದ ಮೂಳೆ ಹಿಗ್ಗುವ ಭರವಸೆ ಇರಲಿಲ್ಲ. ಮನೆಯವರ ಒಪ್ಪಿಗೆ ಪಡೆದು ಕ್ಲೋಪ್ರೊಸ್ಟೆನಾಲ್ ಎಂಬ ಪ್ರೋಸ್ಟಾಗ್ಲಾಂಡಿನ್ ಮದ್ದು 500 ಮೈಕ್ರೋಗ್ರಾಂ ಸ್ನಾಯುವಿಗೆ ಕೊಡಲಾಯಿತು. ನಾಲ್ಕನೆಯ ದಿನ ಬೆರಳುದ್ದದ ಭ್ರೂಣವೂ ಅದರ ಪೊರೆಗಳೂ ಪೂರ್ತಿಯಾಗಿ ಬಿದ್ದವು. ಅವನ್ನು ಬರಿಗೈಯಿಂದ ಮುಟ್ಟದೆ, ನಾಯಿಗಳಿಗೆ ಸಿಗದಂತೆ ಆಳದಲ್ಲಿ ಸುಣ್ಣ ಹಾಕಿ ಹೂಳಿಸಲಾಯಿತು, ಏಕೆಂದರೆ ಯಾವುದೇ ಗರ್ಭಪಾತದ ವಸ್ತುವಿನಿಂದ ಬ್ರುಸೆಲ್ಲಾ ರೋಗ ಮನುಷ್ಯರಿಗೆ ತಗಲುವ ಸಾಧ್ಯತೆ ಇರುತ್ತದೆ. ಚುಚ್ಚುಮದ್ದಿನ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. ಪ್ರೋಸ್ಟಾಗ್ಲಾಂಡಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಗರ್ಭಿಣಿಯರಿಗೆ ಅದರಿಂದ ಗರ್ಭಪಾತವಾಗಬಹುದು, ಉಬ್ಬಸ ಇರುವವರಿಗೆ ಉಸಿರು ಕಟ್ಟಬಹುದು. ಈ ಮನೆಯ ಕಿರಿಯ ಸೊಸೆ ಬಸುರಿಯಾಗಿದ್ದರು. ದನ ಹಿಡಿಯಲು ಮುಂದೆ ಬಂದ ಅವರನ್ನು ಕೊಟ್ಟಿಗೆಯಿಂದ ಹೊರಗೆ ಕಳುಹಿಸಿದ ಮೇಲೆಯೇ ಬಾಟಲಿ ತೆರೆಯಲಾಯಿತು. ಅಂಗಡಿಯಿಂದ ಈ ಮದ್ದನ್ನು ತಂದು ಮನೆಯಲ್ಲೇ ಹಾಕುವ ರೂಢಿ ಅಲ್ಲಲ್ಲಿ ಇದೆ, ಅದು ನಿಲ್ಲಬೇಕು.

ಹಿರಿಯ ಮಣಕದಲ್ಲಿ ಗಬ್ಬ ಮೂರು ತಿಂಗಳಿನದೇ ಆದ್ದರಿಂದ ತೆಗೆಯಲು ಬರುತ್ತಿತ್ತು. ಆದರೂ ಉಳಿಸಿಕೊಳ್ಳಲಾಯಿತು. 280 ದಿನಗಳ ಲೆಕ್ಕದಲ್ಲಿ ಅದು ಇಪ್ಪತ್ಮೂರು ತಿಂಗಳಿಗೆ ಈಯುತ್ತದೆ, ಅಷ್ಟರಲ್ಲಿ ಸರಿಯಾದ ಮೇವು ಕೊಟ್ಟರೆ ನೂರು ಕಿಲೋ ಬೆಳೆಯಬಲ್ಲದು.

ಆರು ತಿಂಗಳ ಗಬ್ಬದ ಮಣಕ

ಉಳಿದದ್ದು ನಿಜವಾಗಿ ಕಠಿಣವಾದ ಪ್ರಶ್ನೆ. ಎರಡು ಮದ್ದುಗಳನ್ನು ಕೂಡಿಸಿ ಆರು ತಿಂಗಳ ಗಬ್ಬ ತೆಗೆಯುವುದು ಸಾಧ್ಯವಿಲ್ಲವೆಂದಲ್ಲ, ಹಾಗೆ ಮಾಡುವ ವೈದ್ಯರೂ ಇದ್ದಾರೆ. ಕರು ಚಿಕ್ಕದಿರುವಾಗಲೇ ಹೊರಬರುತ್ತದೆ ಎಂಬುದು ಅದರ ಪರವಾದ ವಾದ. ವಿರುದ್ಧವಾದ ವಾದವೆಂದರೆ, ಗರ್ಭದ್ವಾರ ಪೂರ್ತಿ ತೆರೆಯದೆ ಭ್ರೂಣ ಸಿಕ್ಕಿಕೊಳ್ಳಬಹುದು, ಮಾಸು ಒಳಗೇ ಉಳಿದು ಕೊಳೆಯಬಹುದು, ಇಷ್ಟು ಚಿಕ್ಕ ಮಣಕದ ಗರ್ಭಕೋಶದೊಳಗೆ ಕೈಯಿಟ್ಟು ಶುಚಿ ಮಾಡಲೂ ಆಗುವುದಿಲ್ಲ, ಸೋಂಕು ಗರ್ಭಕೋಶಕ್ಕೆ ಇಳಿದರೆ ಮುಂದೆ ಗಬ್ಬ ನಿಲ್ಲುವುದೇ ಅನುಮಾನವಾಗುತ್ತದೆ. ಮಣಕ ಚುರುಕಾಗಿತ್ತು, ಮೇವು ತಿನ್ನುತ್ತಿತ್ತು, ಮೂರು ತಿಂಗಳು ಕೈಯಲ್ಲಿತ್ತು. ತುರ್ತು ಬಂದರೆ ಶಸ್ತ್ರಚಿಕಿತ್ಸೆ ಮಾಡಬಲ್ಲ ವೈದ್ಯರು ಒಂದು ಗಂಟೆಯ ದೂರದಲ್ಲಿದ್ದರು. ಇವೆಲ್ಲವನ್ನೂ ಮನೆಯವರ ಮುಂದಿಟ್ಟು, ಗಬ್ಬವನ್ನು ತುಂಬುವವರೆಗೆ ಬಿಟ್ಟು ಮಣಕವನ್ನು ಬೆಳೆಸುವುದೆಂದು ತೀರ್ಮಾನಿಸಲಾಯಿತು.

ಈ ಹಂತದಲ್ಲಿ ಮನೆಯಲ್ಲಿ ಎರಡು ಅಭಿಪ್ರಾಯಗಳು ಬಂದವು. ಹೋರಿಯೇ ಚಿಕ್ಕದು, ಆದ್ದರಿಂದ ಕರುವೂ ಚಿಕ್ಕದೇ ಆಗುತ್ತದೆ ಎಂಬುದು ಮಗನ ಮಾತು. ಹೋರಿಯ ವಯಸ್ಸಿಗೂ ಕರುವಿನ ಗಾತ್ರಕ್ಕೂ ಸಂಬಂಧವಿಲ್ಲ. ಪೂರ್ತಿ ಬೆಳೆದ ಮೇಲೆ ಆ ಹೋರಿ ಎಷ್ಟು ದೊಡ್ಡದಾಗಲಿತ್ತೋ ಆ ಗುಣವೇ ಕರುವಿಗೆ ಬರುತ್ತದೆ. ಕರುವಿನ ಗಾತ್ರವನ್ನು ಸ್ವಲ್ಪ ಮಟ್ಟಿಗೆ ಹಿಡಿದಿಡುವುದು ತಾಯಿಯ ಚಿಕ್ಕ ಗರ್ಭಕೋಶ ಮಾತ್ರ. ಎರಡನೆಯದು ಅಜ್ಜನ ಸಲಹೆ: ಕೊನೆಯ ಮೂರು ತಿಂಗಳು ಮೇವು ಕಡಿಮೆ ಮಾಡಿದರೆ ಕರು ದಪ್ಪಗಾಗುವುದಿಲ್ಲ, ಸುಲಭವಾಗಿ ಬೀಳುತ್ತದೆ. ಇದು ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿರುವ ನಂಬಿಕೆ, ಹಾಗೂ ಬಹಳ ಮಣಕಗಳು ಸತ್ತಿರುವುದು ಇದರಿಂದಲೇ ಎಂದು ನಾನು ಹೇಳಬಲ್ಲೆ. ಭ್ರೂಣದ ತೂಕದ ಅರ್ಧಕ್ಕಿಂತ ಹೆಚ್ಚು ಕೊನೆಯ ಎರಡೂವರೆ ತಿಂಗಳಲ್ಲಿ ಬರುತ್ತದೆ ಎಂಬುದು ನಿಜ. ಆದರೆ ತಾಯಿಗೆ ಮೇವು ಕಡಿಮೆ ಮಾಡಿದರೆ ಭ್ರೂಣ ತನ್ನ ಪಾಲನ್ನು ತಾಯಿಯ ಮೈಯಿಂದ ಎಳೆದುಕೊಳ್ಳುತ್ತದೆ. ಕರುವಿನ ತೂಕ ಇಳಿಯುವುದು ಅಲ್ಪ. ತಾಯಿಯ ಸೊಂಟದ ಮೂಳೆಯ ಬೆಳವಣಿಗೆ ನಿಲ್ಲುತ್ತದೆ, ನೋವು ತಿನ್ನಲು ಶಕ್ತಿ ಇರುವುದಿಲ್ಲ, ಗಿಣ್ಣುಹಾಲು ಕಡಿಮೆಯಾಗುತ್ತದೆ, ಹುಟ್ಟಿದ ಕರು ಎದ್ದು ನಿಲ್ಲುವುದಿಲ್ಲ. ಅತಿಯಾಗಿ ತಿನ್ನಿಸಿದರೆ ಸೊಂಟದ ದಾರಿಯಲ್ಲೇ ಕೊಬ್ಬು ತುಂಬುವುದರಿಂದ ಅದೂ ಸಲ್ಲದು. ದಿನಕ್ಕೆ 500ರಿಂದ 600 ಗ್ರಾಂ ತೂಕ ಹೆಚ್ಚುವಂತೆ ತಿನ್ನಿಸುವುದು ಇಲ್ಲಿ ಸರಿಯಾದ ಗುರಿ.

ಆ ಗುರಿಗೆ ತಕ್ಕಂತೆ ಮಣಕವನ್ನು ಬೇರೆ ಗೋದಲಿಗೆ ತಂದು, ದಿನಕ್ಕೆ ಹತ್ತು ಕಿಲೋ ಹಸಿ ಗೋವಿನಜೋಳ ಅಥವಾ ನೇಪಿಯರ್ ಹುಲ್ಲು, ಒಂದೂವರೆ ಕಿಲೋ ಜೋಳದ ಕಣಕಿ, ಎರಡು ಕಿಲೋ ದಾಣಿ ಕೊಡಲು ಹೇಳಲಾಯಿತು. ದಾಣಿಯಲ್ಲಿ ಗೋವಿನಜೋಳದ ನುಚ್ಚು, ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿ ಮತ್ತು ಗೋದಿ ಬೂಸಾ. ಮೇಲೆ 50 ಗ್ರಾಂ ಖನಿಜ ಮಿಶ್ರಣ, ಒಂದು ಮುಷ್ಟಿ ಉಪ್ಪು. ಸಕ್ಕರೆ ಕಾರ್ಖಾನೆಗಳು ಆಗಷ್ಟೇ ಕಬ್ಬು ನುರಿಸಲು ತೊಡಗಿದ್ದವು, ಹೊಲದ ತುಂಬ ಸೋಗೆ ಪುಕ್ಕಟೆ ಬಿದ್ದಿತ್ತು. ಕೃಷ್ಣಾ ತೀರದಲ್ಲಿ ಈ ನಾಲ್ಕೈದು ತಿಂಗಳು ದನಗಳ ಹೊಟ್ಟೆ ತುಂಬುವುದು ಸೋಗೆಯಿಂದಲೇ. ಆದರೆ ಅದರಲ್ಲಿ ಪ್ರೋಟೀನ್ ಕಡಿಮೆ, ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟು ಮೈಗೆ ಸಿಗದಂತೆ ಮಾಡುತ್ತದೆ. ತನ್ನ ಮೂಳೆಯನ್ನೂ ಹೊಟ್ಟೆಯ ಕರುವಿನ ಮೂಳೆಯನ್ನೂ ಒಟ್ಟಿಗೆ ಕಟ್ಟಬೇಕಾದ ಮಣಕಕ್ಕೆ ಸೋಗೆಯೊಂದೇ ಮೇವಾಗಬಾರದು. ಈ ಮಣಕಕ್ಕೆ ಸೋಗೆಯನ್ನು ಪೂರ್ತಿ ನಿಲ್ಲಿಸಲಾಯಿತು.

ದಿನ ತುಂಬುವ ಒಂದೆರಡು ವಾರ ಮೊದಲೇ ಚುಚ್ಚುಮದ್ದಿನಿಂದ ಈಯಿಸಿದರೆ ಕರು ಸ್ವಲ್ಪ ಚಿಕ್ಕದಿರುತ್ತದೆ. ಏರಿದ ತಾರೀಖು ಗೊತ್ತಿದ್ದಲ್ಲಿ ಇದು ಒಳ್ಳೆಯ ಉಪಾಯ. ಇಲ್ಲಿ ತಾರೀಖು ಗೊತ್ತಿರಲಿಲ್ಲ. ಎರಡು ಮೂರು ವಾರದ ಅಂದಾಜಿನ ವ್ಯತ್ಯಾಸದಲ್ಲಿ ಶ್ವಾಸಕೋಶ ಬಲಿಯದ ಕರುವನ್ನು ಹೊರತೆಗೆಯುವ ಅಪಾಯವಿತ್ತು. ಆದ್ದರಿಂದ ಕಾಯುವುದೇ ಸರಿಯೆನಿಸಿತು.

ಹೆರಿಗೆ

ಜನವರಿ ಕೊನೆಯಲ್ಲಿ ಮಣಕದ ತೂಕ 255 ಕಿಲೋ ದಾಟಿತ್ತು. ಬಾಲದ ಬುಡದ ಎರಡೂ ಬದಿಯ ಸ್ನಾಯು ಸಡಿಲವಾದ ದಿನದಿಂದ ಅದನ್ನು ಒಣ ರವದಿ (ಕಬ್ಬಿನ ಒಣ ತರಗು) ಹಾಸಿದ ಬೇರೆ ಜಾಗಕ್ಕೆ ತಂದು, ರಾತ್ರಿ ಸರದಿಯ ಮೇಲೆ ನೋಡಿಕೊಂಡರು. ನೀರಿನ ಚೀಲ ಕಂಡ ಮೇಲೆ ಒಂದು ಗಂಟೆಯೊಳಗೆ ಕರು ಮುಂದೆ ಸರಿಯದಿದ್ದರೆ ಕರೆ ಮಾಡಬೇಕು, ಅದಕ್ಕೆ ಮೊದಲು ಯಾರೂ ಹಗ್ಗ ಕಟ್ಟಿ ಎಳೆಯಬಾರದು ಎಂದು ಎರಡೇ ಮಾತನ್ನು ಒತ್ತಿ ಹೇಳಲಾಗಿತ್ತು. ಎರಡನ್ನೂ ಅವರು ಅಕ್ಷರಶಃ ಪಾಲಿಸಿದರು. ಫೆಬ್ರವರಿ ಎರಡನೆಯ ವಾರ, ನಸುಕಿನ ಜಾವ ಕರೆ ಬಂತು.

ಪರೀಕ್ಷಿಸಿದಾಗ ಮುಂಗಾಲು ಎರಡೂ, ಅವುಗಳ ಮೇಲೆ ಮೂತಿ ಇದ್ದು ಕರು ಸರಿಯಾದ ಭಂಗಿಯಲ್ಲೇ ಇತ್ತು, ದಾರಿ ಬಿಗಿಯಾಗಿತ್ತು. ಕರುವಿನ ನಾಲಿಗೆ ಚಿವುಟಿದರೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಯೋನಿದ್ವಾರವನ್ನು ಜಾರುವ ದ್ರಾವಣ ಹಚ್ಚಿ ಕೈಯಿಂದ ನಿಧಾನವಾಗಿ ಹಿಗ್ಗಿಸಲು ಬಹಳ ಹೊತ್ತು ಹಿಡಿಯಿತು. ಮಣಕದ ಹೆರಿಗೆಯಲ್ಲಿ ಅವಸರ ಮಾಡುವುದು ಈ ಹಂತದಲ್ಲೇ, ಹರಿಯುವುದೂ ಇಲ್ಲೇ. ಎಳೆಯಬೇಕೋ ಹೊಟ್ಟೆ ಕೊಯ್ಯಬೇಕೋ ಎಂಬುದನ್ನು ತೀರ್ಮಾನಿಸಲು ಒಂದು ಗುರುತು ಇದೆ. ಹದವಾಗಿ ಎಳೆದಾಗ ಕರುವಿನ ಗೊರಸಿನ ಮೇಲಿನ ಗಿಣ್ಣು ಯೋನಿದ್ವಾರದಿಂದ ಒಂದು ಅಂಗೈ ಅಗಲ ಹೊರಬಂದರೆ ಅದರ ಭುಜ ತಾಯಿಯ ಸೊಂಟದ ಮೂಳೆಯೊಳಗೆ ಸೇರಿದೆ ಎಂದು ಅರ್ಥ. ಬಾರದಿದ್ದರೆ ಮತ್ತೆ ಎಳೆಯಬಾರದು, ಶಸ್ತ್ರಚಿಕಿತ್ಸೆಗೆ ಹೋಗಬೇಕು. ಇಲ್ಲಿ ಒಂದೊಂದೇ ಕಾಲನ್ನು ಸರದಿಯಂತೆ ಎಳೆದಾಗ ಗಿಣ್ಣು ಹೊರಬಂತು. ಮಣಕ ನೋವು ತಿಂದಾಗ ಮಾತ್ರ ಇಬ್ಬರ ಬಲದಲ್ಲಿ ಎಳೆದು, ಬಿಟ್ಟಾಗ ಬಿಟ್ಟು, ತಲೆ ಹೊರಬಂದ ಮೇಲೆ ಹಿಮ್ಮಡಿಯ ದಿಕ್ಕಿಗೆ ಕೆಳಮುಖವಾಗಿ ಎಳೆದು ಕರುವನ್ನು ತೆಗೆಯಲಾಯಿತು. ಹೆಣ್ಣುಗರು, 23 ಕಿಲೋ, ಜೀವಂತ. ಮಾಸು ಎಂಟು ಗಂಟೆಯೊಳಗೆ ತಾನಾಗಿ ಬಿತ್ತು.

ಮಣಕ ಮಾತ್ರ ಅಂದು ಎದ್ದು ನಿಲ್ಲಲು ಕಷ್ಟಪಟ್ಟಿತು. ಬಿಗಿಯಾದ ದಾರಿಯಲ್ಲಿ ಕರು ಹಾಯುವಾಗ ಸೊಂಟದ ಒಳಗಿನ ನರ ಒತ್ತಿ ಹಿಂಗಾಲುಗಳು ಎರಡು ಕಡೆಗೆ ಜಾರುತ್ತಿದ್ದವು. ಹಾಗೆ ಜಾರಿ ಬಿದ್ದರೆ ತೊಡೆಯ ಸ್ನಾಯು ಹರಿದು ದನ ಮತ್ತೆ ಏಳುವುದೇ ಇಲ್ಲ. ಹಿಂಗಾಲು ಎರಡನ್ನೂ ಒಂದು ಮೊಳದ ಅಂತರ ಬಿಟ್ಟು ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಸೇರಿಸಿ ಕಟ್ಟಿ, ನೆಲಕ್ಕೆ ದಪ್ಪಗೆ ಮಣ್ಣು, ರವದಿ ಹಾಕಿಸಿ, ಊತ ಮತ್ತು ನೋವು ಇಳಿಸುವ ಔಷಧಿ ಕೊಡಲಾಯಿತು. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವ ಕೆಲಸವನ್ನು ಮನೆಯವರು ಹಗಲೂ ರಾತ್ರಿ ಮಾಡಿದರು. ಮೂರನೆಯ ದಿನ ಮಣಕ ಯಾರ ಆಸರೆಯೂ ಇಲ್ಲದೆ ನಿಂತಿತು.

ನಂತರದ ಸ್ಥಿತಿ

ಆ ಮಣಕ ದಿನಕ್ಕೆ ಆರು ಲೀಟರಿಗಿಂತ ಹೆಚ್ಚು ಹಾಲು ಕೊಡಲಿಲ್ಲ; ತಾಯಿ ಅದರ ಎರಡು ಪಟ್ಟಿಗೂ ಮೀರಿ ಕೊಡುತ್ತಿದ್ದ ಆಕಳು. ಹೆಚ್ಚು ಹಾಲಿಗಾಗಿ ದಾಣಿ ಏರಿಸುತ್ತಾ ಹೋಗುವುದಕ್ಕಿಂತ, ಅರ್ಧದಾರಿಯಲ್ಲಿ ನಿಂತ ಮೈಯನ್ನು ಮೊದಲು ಬೆಳೆಸಬೇಕೆಂಬ ಸಲಹೆಯನ್ನು ಮನೆಯವರು ಒಪ್ಪಿದರು. ಆರನೆಯ ತಿಂಗಳಿಗೆ ಹಾಲು ಬತ್ತಿಸಲಾಯಿತು. ಈದ ಮೂರನೆಯ ತಿಂಗಳಿಗೇ ಬೆದೆ ಕಂಡಿತ್ತಾದರೂ ಬಿಟ್ಟು, ತೂಕ 300 ಕಿಲೋ ದಾಟಿದ ಮೇಲೆಯೇ ಕೃತಕ ಗರ್ಭಧಾರಣೆ ಮಾಡಿಸಿದರು. ಅದರ ಹೆಣ್ಣುಗರುವನ್ನು ತಳಿಗೆ ಉಳಿಸಿಕೊಳ್ಳುವ ಮುನ್ನ ರಕ್ತಸಂಬಂಧ ನೋಡಬೇಕಿತ್ತು. ಹೋರಿಕರು ಮತ್ತು ಮಣಕದ ತಾಯಂದಿರು ಬೇರೆ, ಆದರೆ ಇಬ್ಬರಿಗೂ ಒಂದೇ ಹೋರಿಯ ವೀರ್ಯದ ಕಡ್ಡಿ ಬಳಕೆಯಾಗಿರುವ ಸಾಧ್ಯತೆ ಇತ್ತು. ಕಿವಿಯ ಹನ್ನೆರಡು ಅಂಕಿಯ ಓಲೆಯ ದಾಖಲೆ ತೆಗೆಸಿದಾಗ ಎರಡು ಬೇರೆ ಹೋರಿಗಳೆಂದು ತಿಳಿಯಿತು, ಕರು ಉಳಿಯಿತು.

ಹಿರಿಯ ಮಣಕ ಮೇ ತಿಂಗಳಲ್ಲಿ 345 ಕಿಲೋ ಹತ್ತಿರವಿದ್ದಾಗ ಯಾರ ನೆರವೂ ಇಲ್ಲದೆ ಈದು, ಒಂಬತ್ತು ಲೀಟರ್ ಹಾಲಿಗೆ ನಿಂತಿತು. ಗಬ್ಬ ತೆಗೆದ ಮಣಕ ಐದು ವಾರದಲ್ಲಿ ಸಹಜ ಬೆದೆಗೆ ಬಂತು. ಅದನ್ನು 260 ಕಿಲೋ ಆಗುವವರೆಗೆ ಕಾಯಿಸಿ, ಹೆರಿಗೆ ಸುಲಭವೆಂದು ದಾಖಲಾದ ಹೋರಿಯ ವೀರ್ಯ ಕೊಡಿಸಲಾಯಿತು. ಎರಡನೆಯ ಸಲಕ್ಕೆ ಗಬ್ಬ ನಿಂತಿತು. ಹೋರಿಕರುವನ್ನು ಪರೀಕ್ಷೆಯ ದಿನವೇ ಬೇರೆ ಕಟ್ಟಿದ್ದರು, ಮುಂದೆ ಬೀಜ ಒಡೆಸಿ ಕಬ್ಬಿನ ಗಾಡಿಗೆ ಹೂಡಲು ಪಳಗಿಸಿದರು.

ಆವರಣವನ್ನು ಈಗ ಮೂರಾಗಿ ವಿಂಗಡಿಸಿದ್ದಾರೆ. ಹೋರಿಕರು ಹುಟ್ಟಿದ ದಿನವೇ, ಅದಕ್ಕೆ ಐದು ತಿಂಗಳು ತುಂಬುವ ತಾರೀಖನ್ನು ಸೊಸೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಮಣಕಗಳ ಎದೆಯ ಸುತ್ತಳತೆಯನ್ನು ಪ್ರತಿ ಅಮಾವಾಸ್ಯೆಗೆ ಟೇಪಿನಿಂದ ಅಳೆದು ಬರೆದಿಡುತ್ತಾರೆ. ನಾಲ್ಕನೆಯ ಮಣಕ ಮರುಪರೀಕ್ಷೆಯಲ್ಲೂ ಖಾಲಿಯೇ ಇತ್ತು. ಆ ಅಳತೆಯ ಪ್ರಕಾರ 260 ಕಿಲೋ ಮುಟ್ಟಿದ ತಿಂಗಳು ಅದಕ್ಕೆ ಗರ್ಭಧಾರಣೆ ಮಾಡಿಸಿದ್ದು, ಮೂರು ತಿಂಗಳ ತಪಾಸಣೆಯಲ್ಲಿ ಗಬ್ಬ ಖಚಿತವಾಗಿದೆ.